ಹನ್ನೆರಡು ರೂಪಾಯಿ ಬಾಕಿ

ನಮ್ಮ ಅಂಗಡಿಯ ಗಲ್ಲಾ ಪಕ್ಕ ಉದ್ದನೆಯ ಒಂದು ನೋಟ್‌ಬುಕ್ ಇದೆ. ಅದಕ್ಕೆ ದಾರದಲ್ಲಿ ಪೆನ್ನು ಕಟ್ಟಿದ್ದೇನೆ, ಇಲ್ಲದಿದ್ದರೆ ಸಂಜೆಯೊಳಗೆ ಪೆನ್ನು ಮಾಯ. ಅದು ಬಾಕಿ ಪುಸ್ತಕ. ಯಾರು ಎಷ್ಟು ಕಾಪಿ ತೆಗೆಸಿದರು, ಎಷ್ಟು ಕೊಟ್ಟರು, ಎಷ್ಟು ಉಳಿಯಿತು, ಎಲ್ಲ ಅದರಲ್ಲಿದೆ. ಫೋನಿನಲ್ಲೇ ದುಡ್ಡು ಕಳಿಸುವ ಈ ಕಾಲದಲ್ಲೂ ಬಾಕಿ ಇಡುವವರು ಇದ್ದೇ ಇದ್ದಾರೆ. ತಿಂಗಳ ಕೊನೆಯ ವಾರ ಜಾಸ್ತಿ.

ಅಂಗಡಿ ಇರುವುದು ವಿಜಯನಗರದ ಪಕ್ಕ, ಹಂಪಿನಗರದಲ್ಲಿ. ಜೆರಾಕ್ಸ್, ಡಿಟಿಪಿ, ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್. ಈ ಕಡೆ ಓಡಾಡಿದವರಿಗೆ ಗೊತ್ತಿರುತ್ತದೆ, ಇಲ್ಲಿ ಎತ್ತ ನೋಡಿದರೂ ಕೋಚಿಂಗ್ ಸೆಂಟರ್ ಬೋರ್ಡು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ. ಲೈಬ್ರರಿಯಲ್ಲಿ ಒಂದು ಕುರ್ಚಿ ಸಿಗಲಿ ಅಂತ ಬೆಳಗಾದರೆ ಹುಡುಗರು ಬ್ಯಾಗು ಹಿಡಿದು ಸಾಲು ನಿಲ್ಲುತ್ತಾರೆ. ಕಲಬುರಗಿ, ರಾಯಚೂರು, ಬಾಗಲಕೋಟೆ, ವಿಜಯಪುರದ ಮಕ್ಕಳು. ಒಂದು ರೂಮಲ್ಲಿ ನಾಲ್ಕು ಜನ, ಖಾನಾವಳಿಯಲ್ಲಿ ಎರಡು ಹೊತ್ತಿನ ರೊಟ್ಟಿ, ಮೂರನೇ ಹೊತ್ತಿಗೆ ಟೀ. ಅರ್ಜಿ ಫಾರಂ, ಹಾಲ್ ಟಿಕೆಟ್, ಹಳೇ ಪ್ರಶ್ನೆಪತ್ರಿಕೆ, ಅಭ್ಯಾಸದ ಓಎಂಆರ್ ಶೀಟು, ಎಲ್ಲಕ್ಕೂ ನಮ್ಮ ಅಂಗಡಿಗೇ ಬರಬೇಕು. ಒಬ್ಬೊಬ್ಬನ ಮಾರ್ಕ್ಸ್ ಕಾರ್ಡನ್ನು ಎಷ್ಟು ಸಲ ಜೆರಾಕ್ಸ್ ಮಾಡಿದ್ದೇನೆ ಅಂದರೆ, ಅವರ ಎಸ್ಸೆಸ್ಸೆಲ್ಸಿ ಗಣಿತದ ಅಂಕ ಅವರಿಗಿಂತ ನನಗೇ ಚೆನ್ನಾಗಿ ನೆನಪಿದೆ.

2023ರ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ. ಅವನ ಊರು ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ನೂರ ಎಂಬತ್ತಾರು ರೂಪಾಯಿ ಬಾಕಿ ಇತ್ತು. ಅಷ್ಟನ್ನೂ ಎಣಿಸಿ ಗಲ್ಲಾ ಮೇಲಿಟ್ಟ. ಜೊತೆಗೆ ಎರಡು ಚೀಲ ಪುಸ್ತಕ. "ಯಾರಿಗರ ಬೇಕಾದವ್ರಿಗೆ ಕೊಡ್ರಿ ಅಣ್ಣಾರ" ಅಂದ. "ಯಾಕೋ, ಊರಿಗೆ ಹೊರಟ್ಯಾ?" ಅಂತ ಕೇಳಿದೆ. "ಹೂಂರಿ" ಅಂದ. ಎಷ್ಟೋ ತಿಂಗಳಿಂದ ಬಾಡಿದ್ದ ಮುಖ ಅವತ್ತು ಹಗುರವಾಗಿತ್ತು. ಹುಡುಗ ಸರಿಹೋದ ಅಂತ ನನಗೂ ಖುಷಿಯಾಯಿತು. ಅವನ ಹೆಸರಿನ ಮೇಲೆ ಗೆರೆ ಎಳೆದೆ. ಬಾಕಿ ತೀರಿದವರ ಹೆಸರಿಗೆಲ್ಲ ಹಾಗೇ ಮಾಡುವುದು.

ನಾಲ್ಕು ದಿನದ ಮೇಲೆ ಅವನ ರೂಮಿನ ಹುಡುಗರಿಬ್ಬರು ಬಂದರು. ಅವನ ಆಧಾರ್ ಕಾರ್ಡ್ ತಂದಿದ್ದರು. "ಐದು ಕಾಪಿ ಕೊಡ್ರಿ" ಅಂದರು, ಅಷ್ಟೇ. ನಾನು ಮಷಿನ್ನಿನ ಮುಚ್ಚಳ ಎತ್ತಿ ಕಾರ್ಡ್ ಇಟ್ಟೆ, ಹಿಂದೆ ಮುಂದೆ ಎರಡೂ ಕಡೆ ತೆಗೆದೆ. ಐದನೇ ಕಾಪಿ ಹೊರಗೆ ಬರುವಾಗ ಒಬ್ಬ ಹುಡುಗ ಅಳೋಕೆ ಶುರು ಮಾಡಿದ. ಆಗ ಗೊತ್ತಾಯಿತು.

ಆಮೇಲೆ ಒಂದು ವಾರ ಇಡೀ ಬೀದಿಯಲ್ಲಿ ಒಂದೇ ಪ್ರಶ್ನೆ, ಯಾಕೆ? ಪಿಎಸ್‌ಐ ಪರೀಕ್ಷೆ ಅಂದರು ಕೆಲವರು. 2021ರ ಅಕ್ಟೋಬರ್‌ನಲ್ಲಿ 545 ಹುದ್ದೆಗೆ ಪರೀಕ್ಷೆ ನಡೆದು, 2022ರ ಏಪ್ರಿಲ್‌ನಲ್ಲಿ ಅದು ರದ್ದಾಗಿ, ಮರುಪರೀಕ್ಷೆಗಾಗಿ ಮಕ್ಕಳು ಕಾಯುತ್ತಿದ್ದ ಕಾಲ ಅದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಲ್ಲ ಕಣ್ರೀ, ಹುಡುಗಿ ವಿಷಯ ಅಂದರು ಇನ್ನು ಕೆಲವರು. ಮನೇಲಿ ಸಾಲ ಅಂತ ಮತ್ತೊಬ್ಬರು. ಪ್ರತಿಯೊಬ್ಬರಿಗೂ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುಂಡು ತುಂಬಿ ಶೀಟು ಕೊಟ್ಟುಬಿಡುವ ಅವಸರ. ಅದೇ ಪರೀಕ್ಷೆ ಬರೆದು, ಅದೇ ರದ್ದತಿ ಅನುಭವಿಸಿ, ಅವನ ಪಕ್ಕದ ಮಂಚದಲ್ಲೇ ಮಲಗುತ್ತಿದ್ದವರು ಇನ್ನೂ ನಮ್ಮ ಅಂಗಡಿಗೆ ಬರುತ್ತಾರಲ್ಲ? ಒಂದೇ ಕಾರಣದಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ ಅಂತ ನನಗೆ ಆಮೇಲೆ ತಿಳಿದವರು ಹೇಳಿದರು. ಆದರೆ ಅವತ್ತು ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ 'ಯಾಕೆ' ಅಲ್ಲ. ಅವನು ಹಣ ಎಣಿಸುವಾಗ ನಾನು ಎದುರಿಗೇ ನಿಂತಿದ್ದೆ. ಬಾಕಿ ತೀರಿಸಿದ. ಪುಸ್ತಕ ಹಂಚಿದ. ನಾನು ಗೆರೆ ಎಳೆದೆ.

ಆ ಎರಡು ಚೀಲ ಪುಸ್ತಕ ಇನ್ನೂ ಅಂಗಡಿಯ ಅಟ್ಟದ ಮೇಲಿದೆ. ಯಾರಿಗೂ ಕೊಡೋಕೆ ಮನಸ್ಸು ಬಂದಿಲ್ಲ.

ಅದರ ಮುಂದಿನ ವರ್ಷ, 2024ರಲ್ಲಿ, ಗಣೇಶನ ಹಬ್ಬ ಬಂದದ್ದು ಸೆಪ್ಟೆಂಬರ್ 7ಕ್ಕೆ, ಶನಿವಾರ. ನಮ್ಮ ಬೀದಿಯ ಸಮಿತಿ ಐದು ದಿನ ಗಣೇಶನನ್ನು ಕೂರಿಸುತ್ತದೆ. ಚಂದಾ ರಸೀದಿ ಪುಸ್ತಕ ನಮ್ಮ ಅಂಗಡಿಯಲ್ಲೇ ಪ್ರಿಂಟ್ ಆಗುವುದರಿಂದ ನಾನೂ ಸಮಿತಿಯಲ್ಲಿದ್ದೇನೆ. ನಾಲ್ಕನೇ ದಿನ ಮಂಗಳವಾರ, ಸೆಪ್ಟೆಂಬರ್ 10. ಅವತ್ತು ಆತ್ಮಹತ್ಯೆ ತಡೆಯುವ ಅರಿವಿನ ದಿನ ಅಂತ 2003ರಿಂದ ಪ್ರಪಂಚದ ತುಂಬ ಆಚರಿಸುತ್ತಾರೆ. ಲೈಬ್ರರಿ ಹುಡುಗರಲ್ಲಿ ಒಬ್ಬ, ಪ್ರಚಲಿತ ವಿದ್ಯಮಾನ ಬಾಯಿಪಾಠ ಮಾಡಿದವನು, ಸಭೆಯಲ್ಲಿ ಈ ವಿಷಯ ಎತ್ತಿದ. ಆರ್ಕೆಸ್ಟ್ರಾಗೆ ಮುಂಚೆ ಅರ್ಧ ಗಂಟೆ ಯಾರಾದರೂ ತಿಳಿದವರಿಂದ ಮಾತಾಡಿಸೋಣ ಅಂದ.

ಸಭೆ ಒಂದು ನಿಮಿಷ ಮೌನವಾಯಿತು. ಆಮೇಲೆ ಹಿರಿಯರೊಬ್ಬರು, "ವಿಘ್ನೇಶ್ವರನ ಮುಂದೆ ಸಾವಿನ ಮಾತೇನಯ್ಯಾ? ಬಿಡ್ತು ಅನ್ನು" ಅಂದರು. ಅವರದು ತಪ್ಪು ಅಂತ ಹೇಳಲಾರೆ. ನಮ್ಮ ಮನೆಯಲ್ಲೂ ಹಾಗೇ ಬೆಳೆದದ್ದು. ಅಪಶಕುನದ ಮಾತಿಗೆ 'ಬಿಡ್ತು' ಅನ್ನಿಸಿ ಅಲ್ಲಿಗೇ ಮುಗಿಸುವುದು. ಆದರೆ ಅದೇ ಮನೆಯಲ್ಲಿ ಮಕ್ಕಳಿಗೆ ಬೈಯುವಾಗ 'ಎಲ್ಲಾದ್ರೂ ಹೋಗಿ ಸಾಯಿ' ಅನ್ನೋಕೆ ಯಾರಿಗೂ ಬಾಯಿ ತಡೆಯುವುದಿಲ್ಲ, ಅಲ್ವಾ? ಸಾವಿನ ಮಾತು ಬೈಗುಳವಾಗಿ ಬಂದರೆ ಸರಿ. ಪ್ರಶ್ನೆಯಾಗಿ ಬಂದರೆ ಅಪಶಕುನ.

ಒಂದೂವರೆ ಗಂಟೆ ವಾದ ನಡೆಯಿತು. ಕೊನೆಗೆ ಬ್ಯಾನರ್ ಮೇಲೆ ಆ ಪದ ಇರಬಾರದು ಅಂತ ರಾಜಿಯಾಯಿತು. 'ಮನಸ್ಸಿನ ಆರೋಗ್ಯ' ಅಂತ ಹಾಕಿ ಅಂದರು. ನನಗೆ ಅದು ಸ್ವಲ್ಪ ಹಿಂದೆ ಸರಿದ ಹಾಗೆ ಅನ್ನಿಸಿತು. ಆದರೆ ಇಷ್ಟಾದರೂ ಆಯಿತಲ್ಲ.

ಬ್ಯಾನರ್ ಡಿಟಿಪಿ ನನ್ನ ಕೆಲಸ. ಹುಡುಗರು ಎಲ್ಲಿಂದಲೋ ಒಂದು ಒಕ್ಕಣೆ ತಂದಿದ್ದರು. 'ಖಿನ್ನತೆಯಿಂದ ಬಳಲುತ್ತಿರುವಿರಾ? ಆಪ್ತಸಮಾಲೋಚನೆ ಪಡೆಯಿರಿ.' ಟೈಪ್ ಮಾಡಿ ನೋಡಿದೆ. ಯಾಕೋ ಒಗ್ಗಲಿಲ್ಲ. ಈ ಅಂಗಡಿಯಲ್ಲಿ ಇಷ್ಟು ವರ್ಷ ನಿಂತಿದ್ದೇನೆ, 'ನನಗೆ ಖಿನ್ನತೆ ಇದೆ' ಅಂತ ಒಬ್ಬನೂ ಹೇಳಿದ್ದು ಕೇಳಿಲ್ಲ. ಅದು ಪ್ರಬಂಧ ಬರೆಯೋಕೆ ಇರುವ ಪದ. ಜನ ಹೇಳುವುದೇ ಬೇರೆ. ಮನಸ್ಸೇ ಇಲ್ಲ. ತಲೆ ಓಡ್ತಿಲ್ಲ. ನಿದ್ದೆ ಬರಲ್ಲ. ಎದೆ ಮೇಲೆ ಕಲ್ಲಿಟ್ಟ ಹಾಗಿದೆ. ಸಾಕಾಗಿಹೋಗಿದೆ. ಉತ್ತರದ ಮಕ್ಕಳು 'ಬ್ಯಾಸರ' ಅಂತಾರೆ. ನಮ್ಮ ಬೇಜಾರಿಗೂ ಅವರ ಬ್ಯಾಸರಕ್ಕೂ ಅಜಗಜಾಂತರ. ನಮಗೆ ಬಸ್ಸು ತಪ್ಪಿದರೆ ಬೇಜಾರು. ಅವರು ಸಣ್ಣ ದನಿಯಲ್ಲಿ 'ಭಾಳ ಬ್ಯಾಸರ ಆಗೇದ್ರಿ' ಅಂದರೆ ಒಮ್ಮೊಮ್ಮೆ ಅದರೊಳಗೆ ಎಲ್ಲಾ ಇರುತ್ತದೆ. ಆ ಒಕ್ಕಣೆ ಅಳಿಸಿ, ದೊಡ್ಡ ಅಕ್ಷರದಲ್ಲಿ 'ಭಾಳ ಬ್ಯಾಸರ ಆಗೇದೇನ್ರಿ? ಬರ್ರಿ, ಮಾತಾಡೂಣು' ಅಂತ ಹಾಕಿದೆ. ಬೆಂಗಳೂರಿನ ಗಣೇಶನ ಪೆಂಡಾಲ್ ಮೇಲೆ ಇದ್ಯಾವ ಕನ್ನಡ ಅಂತ ಒಬ್ಬರು ಕೇಳಿದರು. ಇಲ್ಲಿ ಬಾಡಿಗೆ ಕಟ್ಟುವವರ ಕನ್ನಡ ಅಂದೆ.

ಭಾಷೆ ಅಂದಾಗ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಪೇಪರಿನಲ್ಲಿ 'ಆತ್ಮಹತ್ಯೆಗೆ ಶರಣು' ಅಂತ ಹೆಡ್ಡಿಂಗ್ ಬರುತ್ತದಲ್ಲ? ಚಿಕ್ಕಂದಿನಿಂದ ಓದಿ ಓದಿ ಆ ಮಾತು ಕಣ್ಣಿಗೆ ಕಾಣುವುದನ್ನೇ ಬಿಟ್ಟಿದೆ. ಶರಣು ಎಂಥ ಪದ! ಬಸವಣ್ಣನವರ ಕಾಲದಿಂದ ಎದುರು ಸಿಕ್ಕವರಿಗೆ ಹೇಳುತ್ತಾ ಬಂದ ಮಾತು. ಕಲಬುರಗಿ ಕಡೆಯ ಹುಡುಗರು ಈಗಲೂ ಅಂಗಡಿ ಮೆಟ್ಟಿಲು ಹತ್ತುತ್ತಾ 'ಶರಣ್ರೀ ಅಣ್ಣಾರ' ಅಂತಾರೆ. ಅದನ್ನು ತಗೊಂಡು ಹೋಗಿ ಸಾವಿಗೆ ಅಂಟಿಸಿದ್ದೇವೆ, ಅಲ್ಲೇನೋ ಆಸರೆ ಸಿಕ್ಕಿತು ಅನ್ನುವ ಹಾಗೆ. ಇಂಥ ಸುದ್ದಿಯನ್ನು ಹೇಗೆ ಬರೆಯಬೇಕು ಅಂತ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ನಿಯಮ ಒಪ್ಪಿಕೊಂಡಿದೆ. ಎದ್ದು ಕಾಣುವ ಹೆಡ್ಡಿಂಗ್ ಬೇಡ, ವಿಧಾನದ ವಿವರ ಬೇಡ, ಸಹಾಯವಾಣಿಯ ನಂಬರ್ ಹಾಕಿ, ಹೀಗೆ. ಎಷ್ಟೋ ಕಡೆ ಈಗ ಕೊನೆಯಲ್ಲಿ ನಂಬರ್ ಇರುತ್ತದೆ, ನಿಜ. ಹೆಡ್ಡಿಂಗಿನಲ್ಲಿ ಶರಣೂ ಇರುತ್ತದೆ.

ಮಂಗಳವಾರ ಸಂಜೆ. ಮಕ್ಕಳ ವೇಷಭೂಷಣ ಸ್ಪರ್ಧೆ ಮುಗಿದಿತ್ತು. ಇನ್ನೂ ಮೀಸೆ ಅಳಿಸದ ಒಬ್ಬ ಕೆಂಪೇಗೌಡ ಮುಂದಿನ ಸಾಲಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ. ಮಾತಾಡಲು ಬಂದವರು ನಿವೃತ್ತ ಟೀಚರ್, ಸಹಾಯವಾಣಿಯೊಂದರಲ್ಲಿ ಫೋನ್ ತೆಗೆದುಕೊಳ್ಳುವ ಸ್ವಯಂಸೇವಕಿ. ಹತ್ತಿ ಸೀರೆ, ಕೈಯಲ್ಲಿ ಚೀಟಿ ಸಹ ಇಲ್ಲ. ಮೊದಲ ಮಾತೇ, "ಊಟ ಆಯ್ತಾ ಎಲ್ಲರದ್ದೂ?"

ಆಗಿದೆ, ಇಲ್ಲ, ಪ್ರಸಾದಕ್ಕೆ ಕಾಯ್ತಿದ್ದೀವಿ ಅಂತ ಎಲ್ಲ ಕಡೆಯಿಂದ ಕೂಗು.

"ನೋಡಿ, ಗುರುತೇ ಇಲ್ಲದ ನನಗೂ ಉತ್ತರ ಕೊಟ್ಟಿರಿ. ಈ ಪ್ರಶ್ನೆ ಕೇಳೋಕೆ ನಮಗೆ ನಾಚಿಕೆ ಇಲ್ಲ. ಇನ್ನೊಂದು ಪ್ರಶ್ನೆ ಇದೆ. ಅದನ್ನ ಕೇಳೋಕೆ ಇವತ್ತು ಕಲಿಯೋಣ" ಅಂದರು.

ಆ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಹೇಳಿದರು, ಮೈಕಿನಲ್ಲೇ. "ಸತ್ತುಹೋಗೋಣ ಅಂತ ಅನ್ನಿಸ್ತಾ ಇದೆಯಾ?" ಪೆಂಡಾಲ್ ಸ್ತಬ್ಧವಾಯಿತು. ಬ್ಯಾನರ್ ಮೇಲೆ ಬೇಡ ಅಂದಿದ್ದ ಮಾತು ಗಣಪತಿಯ ಮುಂದೆಯೇ ಬಂದುಬಿಟ್ಟಿತ್ತು. ಹಿರಿಯರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುವುದಿಲ್ಲವೇ ಅಂತ ಯಾರೋ ಕೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಇಲ್ಲ, ಎಷ್ಟೋ ಅಧ್ಯಯನಗಳಲ್ಲಿ ಅದನ್ನು ನೋಡಿದ್ದಾರೆ, ಕೇಳಿದ್ದರಿಂದ ಆ ಯೋಚನೆ ಜಾಸ್ತಿಯಾಗುವುದಿಲ್ಲ, ಎಷ್ಟೋ ಜನರಿಗೆ ಹಗುರವೇ ಆಗುತ್ತದೆ ಅಂದರು ಟೀಚರಮ್ಮ. ಸಾಯುತ್ತೇನೆ ಅನ್ನುವವರು ಸಾಯಲ್ಲ, ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ, ಅದೂ ಸುಳ್ಳು ಅಂದರು. ಹೋದವರಲ್ಲಿ ಎಷ್ಟೋ ಜನ ಮೊದಲು ಯಾರ ಹತ್ತಿರವಾದರೂ ಸುಳಿವು ಕೊಟ್ಟಿರುತ್ತಾರೆ. ಮಾತಲ್ಲೇ ಆಗಬೇಕು ಅಂತಿಲ್ಲ. ಪ್ರೀತಿಯ ವಸ್ತು ಹಂಚುವುದು, ಲೆಕ್ಕ ಚುಕ್ತಾ ಮಾಡುವುದು, ಬಹಳ ದಿನ ಒದ್ದಾಡಿದವರು ಇದ್ದಕ್ಕಿದ್ದ ಹಾಗೆ ಶಾಂತವಾಗುವುದು.

ನಾನು ಎದ್ದು ಪೆಂಡಾಲ್ ಹಿಂದೆ ಹೋಗಿ ನಿಂತೆ. ಜನರೇಟರ್ ಸದ್ದಿನಲ್ಲಿ ಮುಂದಿನ ಐದು ನಿಮಿಷದ ಮಾತು ಕೇಳಿಸಲಿಲ್ಲ. ಒಳ್ಳೆಯದೇ ಆಯಿತು.

ವಾಪಸ್ ಬಂದಾಗ ಖಾನಾವಳಿ ಅಕ್ಕ ಪ್ರಶ್ನೆ ಕೇಳುತ್ತಿದ್ದರು. "ಅಲ್ರೀ ಮೇಡಮ್ಮಾರ, ಹಂಗ್ ಯಾರರ ಹೇಳಿದ್ರ ನಾವು ನಡುವ ಬಿದ್ರ ಪೊಲೀಸ್ ಕೇಸ್ ಆಗೂದಿಲ್ಲೇನ್ರಿ?" ಟೀಚರಮ್ಮ ಬಾಯಿ ತೆರೆಯುವ ಮೊದಲೇ ಪಿಎಸ್‌ಐಗೆ ಓದುವ ಹುಡುಗ ಎದ್ದು ನಿಂತ. ಐಪಿಸಿ 309 ಇತ್ತು ಸರ್, ಪ್ರಯತ್ನಕ್ಕೆ ಒಂದು ವರ್ಷದವರೆಗೆ ಸಜೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಆರೈಕೆ ಕೊಡೋದು ಸರ್ಕಾರದ ಹೊಣೆ ಅಂತು. ಈ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನ ಮಣಿಸೋಕೆ ಅಂತ ಮಾಡಿದರೆ ಮಾತ್ರ 226, ಅದು ಬೇರೆ. ಒಂದೇ ಉಸಿರಿಗೆ ಹೇಳಿ ಕೂತ. ಜನ ಚಪ್ಪಾಳೆ ಹೊಡೆದರು. ಅಕ್ಕ ಮಾತ್ರ, "ಹಂಗಾರ ಕೇಸ್ ಇಲ್ಲಂತ ಒಂದ ಮಾತಿನಾಗ ಹೇಳೋ" ಅಂದರು.

ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಗೇಟ್‌ಕೀಪರ್' ತರಬೇತಿ ಅಂತಾರಂತೆ. ಕನ್ನಡದಲ್ಲಿ 'ದ್ವಾರಪಾಲಕರು' ಅಂತ ಬರೆಯುತ್ತಾರೆ ಅಂದಾಗ ಎಲ್ಲರೂ ನಕ್ಕರು. ಟೀ ಅಂಗಡಿಯವನು ತನ್ನ ಪಕ್ಕದ ಕಟಿಂಗ್ ಶಾಪಿನವನನ್ನು ತೋರಿಸಿ, ಇವನು ಜಯ, ನಾನು ವಿಜಯ ಅಂದ. ಆದರೆ ಮಾತು ತಮಾಷೆಯದಲ್ಲ. ಊರಲ್ಲಿ ಮನೋವೈದ್ಯರು ಎಷ್ಟು ಜನ ಇದ್ದಾರು? ಕ್ಷೌರದವನು, ಖಾನಾವಳಿಯವರು, ಪಿ.ಜಿ. ಓನರು, ಜೆರಾಕ್ಸಿನವನು, ಇವರು ದಿನಾ ಮುಖ ನೋಡುವವರು. ಈ ಯೋಚನೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ ಅಂತ ಟೀಚರಮ್ಮ ಹೇಳಿದರು. ಬನ್ನೇರುಘಟ್ಟ ರಸ್ತೆಯ ಕಡೆ ಸಕಲವಾರ ಅಂತ ಹಳ್ಳಿ ಇದೆ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋದು ಕಲಿಸಿದರು. 1980ರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶಕ್ಕೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದರ ಅಚ್ಚು ಬಳ್ಳಾರಿಯದ್ದೇ. ನಾವು ಬೆಂಗಳೂರಿನವರು ನಿಮ್ಹಾನ್ಸ್ ಹೆಸರನ್ನು ಜಾಸ್ತಿ ಬಳಸುವುದು ಬೈಯೋಕೆ. 'ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅಂತ ನಾನೇ ಎಷ್ಟು ಸಲ ಅಂದಿಲ್ಲ.

ಇನ್ನೊಂದು ಲೆಕ್ಕ ಹೇಳಿದರು. 2022ರಲ್ಲಿ ದೇಶದಲ್ಲಿ ಹೀಗೆ ಜೀವ ಕಳೆದುಕೊಂಡವರು 1,70,924 ಜನ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ. ಅದರಲ್ಲಿ ವಿದ್ಯಾರ್ಥಿಗಳು ನೂರಕ್ಕೆ ಸುಮಾರು ಎಂಟು. ದಿನಗೂಲಿಯವರು ನೂರಕ್ಕೆ ಇಪ್ಪತ್ತಾರು. ಹತ್ತರಲ್ಲಿ ಏಳು ಜನ ಗಂಡಸರು. ಅಲ್ಲಿ ಮುಂದೆ ಕುರ್ಚಿ ಹಾಕಿ ಕೂರಿಸಿದ್ದು ಓದುವ ಮಕ್ಕಳನ್ನು. ಶಾಮಿಯಾನ ಕಟ್ಟಿದವರು, ಜನರೇಟರ್ ನೋಡಿಕೊಳ್ಳುವವನು, ಪ್ರಸಾದದ ಪಾತ್ರೆ ತೊಳೆಯಲು ಬಂದವರು ಹಿಂದೆ ಕತ್ತಲಲ್ಲಿ ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಆ ಕಾರ್ಯಕ್ರಮ ಆದ ಮೂರನೇ ತಿಂಗಳಿಗೆ ನಮ್ಮ ಹಿಂದಿನ ಕ್ರಾಸಿನಲ್ಲಿ ಒಬ್ಬರು ತೀರಿಕೊಂಡರು. ನಲವತ್ತು ದಾಟಿದವರು, ಪೇಂಟಿಂಗ್ ಕೆಲಸ. ನಾವೆಲ್ಲ ಹುಡುಗರ ಮುಖ ನೋಡುವುದರಲ್ಲೇ ಇದ್ದೆವು.

ಹಬ್ಬ ಮುಗಿದ ಮೇಲೆ ಅಂಗೈ ಅಗಲದ ಕಾರ್ಡು ಮಾಡಿದೆ. ಮೇಲೆ 'ಟೆಲಿ ಮಾನಸ್', ಕೆಳಗೆ ದಪ್ಪಕ್ಷರದಲ್ಲಿ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಲ್ಯಾಮಿನೇಟ್ ಮಾಡಿ ಬೀದಿಯ ಅಂಗಡಿಗಳಿಗೆಲ್ಲ ಕೊಟ್ಟೆವು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಇದು, ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ. ಬೆಂಗಳೂರಿನಲ್ಲಿ 2002ರಿಂದಲೂ 'ಸಹಾಯ್' ಅನ್ನುವ ಸಹಾಯವಾಣಿ ಇದೆ ಅಂತ ಆಮೇಲೆ ತಿಳಿಯಿತು. ಇಷ್ಟು ವರ್ಷ ಇದೇ ಊರಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಅಂಟಿಸುವ ಮೊದಲು ಒಂದು ಸಲ ಮಾಡಿ ನೋಡೋಣ ಅಂತ 14416ಕ್ಕೆ ನಾನೇ ಫೋನ್ ಮಾಡಿದೆ. ಮೊದಲು ಭಾಷೆ ಆರಿಸಬೇಕು. ಆಮೇಲೆ ಒಂದು ಹೆಣ್ಣುದನಿ, ಹೇಳಿ ಅಂದಿತು. ನಂಬರ್ ಕೆಲಸ ಮಾಡುತ್ತಾ ಅಂತ ನೋಡಿದೆ ಮೇಡಂ, ಅಂಗಡಿಗೆ ಅಂಟಿಸ್ತಿದ್ದೀವಿ ಅಂದೆ. ಒಳ್ಳೆಯದಾಯಿತು ಸರ್, ಏನು ಕಾರಣಕ್ಕೆ ಅಂಟಿಸಬೇಕು ಅನ್ನಿಸಿತು ಅಂತ ಕೇಳಿದರು. ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಫೋನ್ ಇಟ್ಟಾಗ ಮುಕ್ಕಾಲು ಗಂಟೆಯಾಗಿತ್ತು. ನೂರ ಎಂಬತ್ತಾರು ರೂಪಾಯಿ, ಎರಡು ಚೀಲ, ಐದು ಕಾಪಿ ಆಧಾರ್, ಎಲ್ಲ ಹೇಳಿದ್ದೆ. ಅಷ್ಟನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಕಾರ್ಡ್ ಅಂಟಿಸಿದ್ದು ಗಲ್ಲಾ ಹಿಂದೆ, ರೇಟ್ ಪಟ್ಟಿಯ ಪಕ್ಕ. ಗ್ಯಾಸ್ ಬುಕಿಂಗ್ ನಂಬರಾ ಅಂತ ಆಟೋದವರೊಬ್ಬರು ಕೇಳಿದರು. ಹೆಚ್ಚಿನವರು ಏನೂ ಕೇಳುವುದಿಲ್ಲ. ಆದರೆ ಕೆಲವರು ರೇಟ್ ಪಟ್ಟಿಯ ಫೋಟೋ ತೆಗೆಯುತ್ತಾರೆ. ಸಿಂಗಲ್ ಸೈಡ್ ಎರಡು ರೂಪಾಯಿ, ಡಬಲ್ ಸೈಡ್ ಮೂರು, ಇದಕ್ಕೆ ಫೋಟೋ ಯಾಕೆ ಬೇಕು? ಫೋನನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತಾರೆ. ನಾನು ಪೇಪರ್ ಜೋಡಿಸುವ ನೆಪದಲ್ಲಿ ಆ ಕಡೆ ಮುಖ ಮಾಡುತ್ತೇನೆ.

ಕೇಳುವುದು ಸುಲಭ ಅಂತ ಯಾರೂ ತಿಳಿಯಬೇಡಿ. ಪೇಪರ್ ಬಂಡಲ್ ತರುವ ಹುಡುಗ ಒಂದಿನ 'ಸಾಕಾಗಿದೆ ಸಾರ್ ಜೀವನ' ಅಂದ. ಧೈರ್ಯ ಮಾಡಿ ಕೇಳಿದೆ. ಅವನು ಕಕ್ಕಾಬಿಕ್ಕಿಯಾಗಿ, "ಬೆನ್ನು ನೋವು ಸಾರ್, ಮೂರನೇ ಮಹಡಿಗೆ ಹೊತ್ತು ಬಂದೆ" ಅಂದ. ಈಗಲೂ ಬಂದಾಗಲೆಲ್ಲ 'ಬದುಕಿದ್ದೀನಿ ಸಾರ್' ಅಂತ ಹಲ್ಲು ಕಿರಿಯುತ್ತಾನೆ. ಕಿರಿಯಲಿ ಬಿಡಿ.

2025ರ ಜನವರಿ. ಕೆಎಎಸ್ ಪೂರ್ವಭಾವಿ ಮರುಪರೀಕ್ಷೆ ಡಿಸೆಂಬರ್ 29ಕ್ಕೆ ಮುಗಿದಿತ್ತು. ಮೊದಲ ಸಲ ಆಗಸ್ಟ್‌ನಲ್ಲಿ ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿದ್ದಕ್ಕೆ ಮತ್ತೆ ನಡೆಸಿದ್ದು. ರಾತ್ರಿ ಒಂಬತ್ತೂವರೆ. ಶಟರ್ ಅರ್ಧ ಇಳಿಸಿದ್ದೆ. ಒಬ್ಬ ಹುಡುಗ ಬಗ್ಗಿ ಒಳಗೆ ಬಂದ. ಇನ್ನೂರ ಹನ್ನೆರಡು ರೂಪಾಯಿ ಬಾಕಿ ಇತ್ತು. "ಎಲ್ಲಾ ತಗೊಂಬಿಡ್ರಿ ಅಣ್ಣಾರ" ಅಂದ. ಕಂಕುಳಲ್ಲಿ ಸ್ಪೈರಲ್ ಹಾಕಿದ ನೋಟ್ಸ್. ಮೂರು ವರ್ಷ ಕೈಯಲ್ಲಿ ಬರೆದದ್ದು, ನಾನೇ ಬೈಂಡ್ ಮಾಡಿಕೊಟ್ಟದ್ದು. ಅದನ್ನು ಗಲ್ಲಾ ಮೇಲಿಟ್ಟು, "ಯಾರಿಗರ ಉಪಯೋಗ ಆಗ್ತದ" ಅಂದ.

ನನ್ನ ಕೈ ಬಾಕಿ ಪುಸ್ತಕದ ಮೇಲಿತ್ತು. ಅಲ್ಲೇ ನಿಂತಿತು.

ಕೇಳಿದೆ. ಟೀಚರಮ್ಮ ಹೇಳಿಕೊಟ್ಟ ಹಾಗೇ, ಸುತ್ತಿ ಬಳಸದೆ. ಲ್ಯಾಮಿನೇಷನ್ ಮಷಿನ್ನಿನ ಕೆಂಪು ದೀಪ ಉರಿಯುತ್ತಿತ್ತು, ಆರಿಸುವುದು ಮರೆತಿದ್ದೆ. ಅವನು ಅದನ್ನೇ ನೋಡುತ್ತಾ ತುಂಬಾ ಹೊತ್ತು ನಿಂತ. ಆಮೇಲೆ, "ಹೂಂರಿ" ಅಂದ.

ಅದೇ ಹೂಂರಿ. ನನ್ನ ನಾಲಿಗೆ ತುದಿಗೆ ಎಷ್ಟೆಲ್ಲ ಬಂತು. ಅಪ್ಪ ಅಮ್ಮನ ನೆನೆಸ್ಕೊಳೋ, ಇಷ್ಟಕ್ಕೆಲ್ಲ ಹೀಗಂದ್ರೆ ಹೇಗೋ, ನಿನಗಿಂತ ಕಷ್ಟದಲ್ಲಿರೋರು ಎಷ್ಟಿಲ್ಲ. ಇವು ಯಾವೂ ಹೇಳಬೇಡಿ ಅಂದಿದ್ದರು ಟೀಚರಮ್ಮ, ಹೇಳಿದರೆ ಬಾಯಿ ಮುಚ್ಚಿಸಿದ ಹಾಗೆ ಅಷ್ಟೇ ಅಂತ. ಹಲ್ಲು ಕಚ್ಚಿಕೊಂಡು ಸ್ಟೂಲ್ ಎಳೆದು ಕೊಟ್ಟೆ. ಅವನು ಮಾತಾಡಿದ. ಏನು ಮಾತಾಡಿದ ಅನ್ನುವುದು ಅವನದು, ಇಲ್ಲಿ ಬರೆಯುವುದಿಲ್ಲ. ನಾನು ಆಡಿದ್ದು 'ಆಮೇಲೆ?' ಅನ್ನುವುದೊಂದೇ. ಹತ್ತೂವರೆಗೆ ನನ್ನ ಫೋನಿನಿಂದಲೇ 14416ಕ್ಕೆ ಮಾಡಿ ಅವನ ಕೈಗೆ ಕೊಟ್ಟೆ. ಖಾನಾವಳಿ ಅಕ್ಕನಿಗೆ ಹೇಳಿ ಕಳಿಸಿದೆ. ಅವರು ಮುಚ್ಚಿದ ಅಡುಗೆಮನೆ ಮತ್ತೆ ತೆರೆದು ರೊಟ್ಟಿ, ಎಣ್ಣೆಗಾಯಿ ತಂದರು. ಒಂದು ಮಾತೂ ಕೇಳಲಿಲ್ಲ. ತಟ್ಟೆ ಅವನ ಮುಂದಿಟ್ಟು ಪಕ್ಕದಲ್ಲೇ ನೆಲದ ಮೇಲೆ ಕೂತರು. ಆ ರಾತ್ರಿ ಅವನೊಬ್ಬನನ್ನೇ ಬಿಡಲಿಲ್ಲ. ರೂಮಿನ ಹುಡುಗರು ಸರದಿಯಲ್ಲಿ ಎಚ್ಚರವಿದ್ದರು. ಬೆಳಗ್ಗೆ ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರನೇ ದಿನ ಅವರಣ್ಣ ಬಂದು ಊರಿಗೆ ಕರೆದೊಯ್ದರು. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅಂತ ಒಂದು ಕಾರ್ಯಕ್ರಮ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಅವನು ಈಗ ಅಲ್ಲಿಗೆ ಹೋಗುತ್ತಿದ್ದಾನೆ. ಮಾತ್ರೆ ತಗೊಳ್ಳುತ್ತಾನೆ. ಒಂದೊಂದು ತಿಂಗಳು ಚೆನ್ನಾಗಿರುತ್ತಾನೆ, ಒಂದೊಂದು ತಿಂಗಳು ಇಲ್ಲ.

ಆ ರಾತ್ರಿ ಇನ್ನೂರು ರೂಪಾಯಿ ಮಾತ್ರ ತಗೊಂಡೆ. ಹನ್ನೆರಡು ರೂಪಾಯಿ ಚಿಲ್ಲರೆ ಆಮೇಲೆ ಕೊಡು ಅಂದೆ. ಚಿಲ್ಲರೆ ಐತ್ರಿ ಅಂದ. ಇರಲಿ, ಆಮೇಲೆ ಕೊಡು ಅಂದೆ. ನೋಟ್ಸ್ ಕೂಡ ತಗೊಳ್ಳಲಿಲ್ಲ.

ಟೀಚರಮ್ಮ ಒಂದು ಅಧ್ಯಯನದ ವಿಷಯ ಹೇಳಿದ್ದರು. ನಮ್ಮ ಚೆನ್ನೈ ಸೇರಿ ಐದು ದೇಶಗಳ ಐದು ಊರುಗಳಲ್ಲಿ, ಜೀವ ಕಳೆದುಕೊಳ್ಳಲು ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ನೋಡಿದರು. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆ ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ. ಅಷ್ಟೇ. ಮೊದಲ ಗುಂಪಿನಲ್ಲಿ ಆ ಹದಿನೆಂಟು ತಿಂಗಳೊಳಗೆ ಹೀಗೇ ಹೋದವರು ನೂರಕ್ಕೆ 2.2. ಎರಡನೇ ಗುಂಪಿನಲ್ಲಿ 0.2. 2008ರಲ್ಲಿ ಪ್ರಕಟವಾದ ಲೆಕ್ಕ. ಒಂಬತ್ತು ಸಲ ಹೇಗಿದ್ದೀಯಾ ಅಂತ ಕೇಳೋಕೆ ಎಷ್ಟು ಖರ್ಚಾಗುತ್ತದೆ?

ಆದರೆ ನನಗೆ ಹಾಗೆ ಫೋನ್ ಮಾಡಿ ಹೇಗಿದ್ದೀಯಪ್ಪಾ ಅನ್ನೋಕೆ ಬರುವುದಿಲ್ಲ. ದನಿ ಒಂಥರಾ ಆಗುತ್ತದೆ. ಅದಕ್ಕೆ ಎರಡು ವಾರಕ್ಕೊಮ್ಮೆ ಬಾಕಿ ಕೇಳುತ್ತೇನೆ. "ಏನಯ್ಯಾ, ನನ್ನ ಹನ್ನೆರಡು ರೂಪಾಯಿ?" ಅಂತ. ಅವನು "ಕೊಡ್ತೀನ್ರಿ ಅಣ್ಣಾರ, ಓಡಿ ಹೋಗೂದಿಲ್ಲ" ಅಂತಾನೆ. ಆಮೇಲೆ ಮಳೆ ಬಂತಾ, ತೊಗರಿ ಹೇಗಿದೆ, ಮಂಗಳವಾರ ಹೋಗಿದ್ಯಾ, ಇಂಥವು. ಒಂದು ಸಲ ಎರಡು ದಿನ ಫೋನ್ ಎತ್ತಲಿಲ್ಲ. ಆ ಎರಡು ದಿನ ಅಂಗಡಿಯಲ್ಲಿ ಸಿಂಗಲ್ ಸೈಡ್ ಕೇಳಿದವರಿಗೆಲ್ಲ ಡಬಲ್ ಸೈಡ್ ಕೊಟ್ಟೆ. ಹೊಲದಲ್ಲಿ ಸಿಗ್ನಲ್ ಇರಲಿಲ್ಲವಂತೆ. ಬಾಕಿ ಪುಸ್ತಕದಲ್ಲಿ ಈಗ ಹೀಗೆ ನಾಲ್ಕೈದು ಹೆಸರಿವೆ. ಒಬ್ಬನದು ಆರು ರೂಪಾಯಿ, ಒಬ್ಬಳದು ಒಂಬತ್ತು. ವಸೂಲಿಗೆ ನನಗೇನೂ ಅವಸರವಿಲ್ಲ.

ಹೋದ ವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಕ್ಯೂಆರ್ ಪೆಟ್ಟಿಗೆ ಆಗಾಗ ಕೂಗುತ್ತಲೇ ಇತ್ತು, ಇಪ್ಪತ್ತು ರೂಪಾಯಿ ಬಂದಿದೆ, ಆರು ರೂಪಾಯಿ ಬಂದಿದೆ ಅಂತ. ನಡುವೆ ಒಂದು ಸಲ ಫೋನ್ ತೆಗೆದು ನೋಡಿದರೆ ಅವನ ಹೆಸರು. ಎದೆ ಧಸಕ್ ಅಂದಿತು. ಬಾಕಿ ತೀರಿಸಿಬಿಟ್ಟನಾ? ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದೆ.

ಹನ್ನೊಂದು ರೂಪಾಯಿ. ಕೆಳಗೆ ಮೆಸೇಜು, 'ಒಂದ್ ರೂಪಾಯಿ ಇಟ್ಕೊಂಡೀನ್ರಿ ಅಣ್ಣಾರ.'

ಪುಸ್ತಕ ತೆಗೆದು ಹನ್ನೆರಡು ಹೊಡೆದು ಹಾಕಿ, ಪಕ್ಕದಲ್ಲಿ ಒಂದು ಅಂತ ಬರೆದೆ. ಎದುರಿಗೆ ನಿಂತಿದ್ದ ಹುಡುಗಿ, "ಅಂಕಲ್, ಹಾಲ್ ಟಿಕೆಟ್, ಎರಡು ಕಾಪಿ" ಅಂದಳು.